ಪೊರಕೆಯ ಹ್ಯಾಂಡ್‌ಬ್ರೇಕ್

ಮಾರ್ಚ್ 3, ಮಧ್ಯಾಹ್ನ

ಹದಿನಾಲ್ಕು ಬಸ್ ತೊಳೆದೆ. ಹದಿನೈದನೆಯದನ್ನು ಸಾಲಿನಿಂದ ನಾನೇ ರಿವರ್ಸ್ ತೆಗೆದು ನಿಲ್ಲಿಸಿದೆ — ಕನ್ನಡಿಗೂ ಕಂಬಕ್ಕೂ ನಡುವೆ ಒಂದೇ ಗೇಣು. ಫೋರ್‌ಮನ್ ಟೀ ಲೋಟ ಹಿಡಿದು ನೋಡುತ್ತಿದ್ದರು. “ಪರವಾಗಿಲ್ಲ ಕಣಮ್ಮ, ಕೈ ಕೂತಿದೆ.”

ಪರವಾಗಿಲ್ಲವಂತೆ! ಆರು ವರ್ಷದಿಂದ ಈ ಡಿಪೋ ಅಂಗಳದಲ್ಲಿ ಹಿಂದೆ ಮುಂದೆ ಓಡಿಸುತ್ತಿದ್ದೇನೆ. ಲೈಸೆನ್ಸೂ ಮಾಡಿಸಿಕೊಂಡೆ. ನಾಡಿದ್ದು ಡ್ರೈವರ್ ಕೆಲಸದ ಟೆಸ್ಟ್. ತೊಳೆಯುವವರಿಗೆ ಎರಡೇ ಅವಕಾಶ. ನನಗೆ ಒಂದೇ ಸಾಕು.

ಮಾರ್ಚ್ 5

ಹೋಯ್ತು.

ಎಂಟು ಹಾಕಿದೆ, ಏರಿನಲ್ಲಿ ನಿಲ್ಲಿಸಿ ಎತ್ತಿದೆ, ಎಲ್ಲಾ ನೀರು ಕುಡಿದಷ್ಟು ಸಲೀಸು. ಕೊನೆಗೆ ಇಂಜಿನ್ ಆಫ್ ಮಾಡಿ ಇಳಿದು, ಚಕ್ರಕ್ಕೆ ಕೊಡಲು ಮರದ ತುಂಡು ಹುಡುಕಿದೆ! ತೊಳೆಯುವ ಜಾಗ ಇಳಿಜಾರು; ಅಲ್ಲಿ ನಮ್ಮ ಅಭ್ಯಾಸವೇ ಅದು — ನಿಲ್ಲಿಸು, ಇಳಿ, ತುಂಡು ಒದೆ. ಹ್ಯಾಂಡ್‌ಬ್ರೇಕ್ ಎಳೆದೇ ಇಲ್ಲ. ಬಸ್ಸು ಮೆಲ್ಲಗೆ ಒಂದು ಮಾರು ಉರುಳಿತು. ಟೆಸ್ಟ್ ಸಾಹೇಬರು ಪೆನ್ನಿಗೆ ಕ್ಯಾಪ್ ಹಾಕಿದರು. “ಒಂದು ತಿಂಗಳು ಬಿಟ್ಟು ಬನ್ನಿ. ಅದೇ ಕೊನೇದು.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾರ್ಚ್ 6

ಅಮ್ಮನಿಗೆ ಹೇಳಿದೆ. ಇಪ್ಪತ್ತೆರಡು ವರ್ಷ ಇದೇ ಡಿಪೋದಲ್ಲಿ ಬಸ್ ತೊಳೆದವಳು. ಒದ್ದೆ ಬಟ್ಟೆಯಲ್ಲಿ ಸೀಟಿನ ಮೇಲೆ ಕೂರಬೇಡ ಎಂದು ಕೆಲಸದ ಮೊದಲ ವಾರವೇ ಕಂಡಕ್ಟರೊಬ್ಬ ಇಳಿಸಿದ ದಿನದಿಂದ ಮನೆಗೆ ನಡೆದೇ ಬಂದವಳು. ಬೈಯುತ್ತಾಳೆ ಅಂದುಕೊಂಡೆ. ಬಿದ್ದು ಬಿದ್ದು ನಕ್ಕಳು.

“ಅಯ್ಯೋ ಪೆದ್ದಿ, ಆ ತುಂಡು ಒದೆಯೋದು ನಾನೇ ಅಲ್ವೇನೇ ನಿಂಗೆ ಕಲಿಸಿದ್ದು!”

ಆಮೇಲೆ ಕುರ್ಚಿಯ ಪಕ್ಕ ಪೊರಕೆ ನಿಲ್ಲಿಸಿದಳು. “ಇದೇ ನಿನ್ನ ಹ್ಯಾಂಡ್‌ಬ್ರೇಕ್. ಎಳೀದೆ ಎದ್ದೆಯೋ, ಊಟ ಇಲ್ಲ.”

ಮಾರ್ಚ್ 19

ಕೈ ತೊಳೆಯಲು ಏಳುವಾಗಲೂ ಪೊರಕೆ. ಫೋನ್ ಎತ್ತಲು ಏಳುವಾಗಲೂ ಪೊರಕೆ. ಇವತ್ತು ಪೊರಕೆ ಮರೆತು ನೀರು ತರಲು ಎದ್ದೆ — ನಿಜವಾಗಿಯೂ ತಟ್ಟೆ ಎತ್ತಿಟ್ಟಳು! ಹಠಮಾರಿ. ನಾನೂ ಅವಳ ಮಗಳೇ.

ಡಿಪೋದಲ್ಲಿ ಒಬ್ಬ ಡ್ರೈವರ್: “ಬಕೆಟ್ ಹಿಡಿದೋರು ಎಷ್ಟು ಉಜ್ಜಿದ್ರೂ ಸ್ಟೇರಿಂಗ್ ಸಿಗೋದು ಕಷ್ಟ ಬಿಡಿ.” ಅವನ ಬಸ್ಸನ್ನೇ ಮೊದಲು ತೊಳೆದೆ. ಗಾಜು ಫಳಫಳ. ಮುಖ ನೋಡಿಕೊಳ್ಳಲಿ.

ಏಪ್ರಿಲ್ 6

ಎಳೆದೆ! ಕರ್ರ್ ಅಂತ ಸದ್ದು. ಸಾಹೇಬರೇ ಬೆಚ್ಚಿದರು. “ಅಷ್ಟು ಜೋರಾಗಿ ಬೇಡಮ್ಮ, ಕಿತ್ತು ಕೈಗೆ ಬಂದೀತು.”

ಪಾಸ್. ಪಾಸ್. ಪಾಸ್.

ಮೇ 2, ಬೆಳಿಗ್ಗೆ 7.10, ಕೊನೆಯ ಸ್ಟಾಪ್

ಮೊದಲ ಟ್ರಿಪ್ ಮುಗಿಯಿತು. ಎಲ್ಲರೂ ಇಳಿದರು, ಅಮ್ಮನ ಹೊರತು. ನನ್ನ ಹಿಂದಿನ ಸೀಟು ಅವಳದು. ಹತ್ತಿದವಳು ಮೊದಲು ತನ್ನ ಬಟ್ಟೆಯನ್ನು ಹಿಂದೆ ಮುಂದೆ ಮುಟ್ಟಿ ನೋಡಿಕೊಂಡಳು. ಅಂಗೈಯಿಂದ ಸೀಟು ಒರೆಸಿದಳು. ಆಮೇಲೆ ಕೂತಳು.

“ಒಣಗಿದೆ ಅಮ್ಮಾ, ಕೂತ್ಕೋ” ಅಂದೆ. ಗೇರ್ ಹಾಕಿದೆ.

ಈಗ ಹಿಂದಿನಿಂದ ಕೇಳುತ್ತಿದ್ದಾಳೆ, “ಎಳೆದೆಯೇನೇ?”

“ಎಳೆದೆ. ನೀನು ಇಳಿಯಲ್ವಾ?”

“ಇಪ್ಪತ್ತೆರಡು ವರ್ಷ ನಡೆದಿದ್ದೀನಿ. ಇವತ್ತಿಡೀ ಇಳಿಯಲ್ಲ, ಹೇಳಿದ್ದೀನಿ.”

ಕಂಡಕ್ಟರ್ ಸೀಟಿ ಊದಿದ. ಈ ಡೈರಿ ಅಮ್ಮನ ಕೈಗೆ ಕೊಟ್ಟು ಹೊರ—