ಪರದೆಯ ಹಿಂದಿನ ನಗು

ಎಲಿಕಾಟ್ ಸಿಟಿ, ಅಮೆರಿಕ
ಅಕ್ಟೋಬರ್ 2024

ತಮ್ಮಾ, ಅಕ್ಕನ ಆಶೀರ್ವಾದ.

ನಿನ್ನೆ ಮಗಳು ಶ್ರೀದೇವಿ ನನ್ನನ್ನು ಒಂದು ಫ್ರೆಂಚ್ ಹಾಸ್ಯ ಚಿತ್ರಕ್ಕೆ ಕರೆದುಕೊಂಡು ಹೋದಳು. ಹೆಸರಾಂತ ನಟನ ಮಗನ ಕಥೆ. ಹಲ್ಲು ಕೀಳಿಸಲು ಹೋದರೆ ಡಾಕ್ಟರೂ, ‘ಒಮ್ಮೆ ನಿಮ್ಮ ತಂದೆಯ ಹಾಗೆ ನಡೆದು ತೋರಿಸಿ’ ಎನ್ನುತ್ತಾರೆ. ಪಾಪ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ನಡೆದು ತೋರಿಸುತ್ತಾನೆ.

ನನಗೆ ಗದಗಿನ ಮನೆ ನೆನಪಾಯಿತು. ನಾಟಕ ಕಂಪನಿಯಲ್ಲಿ ಪರದೆಯ ಹಿಂದಿನಿಂದ ಮೊದಲು ಅಪ್ಪನ ನಗು ಬರುತ್ತಿತ್ತು, ಸಿಳ್ಳೆ ಬಿದ್ದ ಮೇಲೆ ಅಪ್ಪ ಬರುತ್ತಿದ್ದ. ಮನೆಗೆ ಬಂದವರೆಲ್ಲ ಅದೇ ನಗುವನ್ನು ನಮ್ಮಿಂದಲೂ ಕೇಳುತ್ತಿದ್ದರು. ನೀನು ಹಿತ್ತಲಿಗೆ ಓಡುತ್ತಿದ್ದೆ. ನಾನು ದೊಡ್ಡವಳಾದಂತೆ ಬಾಯಿಗೆ ಸೆರಗು ಒತ್ತಿಕೊಂಡು ನಗುವುದನ್ನು ಕಲಿತೆ.

ನಿನ್ನೆ ಸೆರಗು ಕೋಟಿನೊಳಗೆ ಸಿಕ್ಕಿಕೊಂಡಿತ್ತು. ಈ ಊರಲ್ಲಿ ನಮ್ಮನ್ನು ಬಲ್ಲವರು ಯಾರೆಂದು ಬಾಯಿತುಂಬ ನಕ್ಕುಬಿಟ್ಟೆ. ಹಿಂದಿನ ಸಾಲಿನ ಕತ್ತಲಿಂದ ಯಾರೋ ಸಿಳ್ಳೆ ಹೊಡೆದರು. ಅಪ್ಪ ಹೋದ ಮೇಲೆ ಅಂಥ ಸಿಳ್ಳೆ ಕೇಳಿರಲಿಲ್ಲ.

ದೀಪ ಹತ್ತಿದಾಗ ನೋಡಿದರೆ ಕಿವಿಯ ತನಕ ಟೋಪಿ ಎಳೆದುಕೊಂಡ ಒಬ್ಬ ಮುದುಕರು. ‘ತಪ್ಪು ತಿಳೀಬ್ಯಾಡ್ರಿ. ಆ ನಗಿ ಕೇಳಿದ್ರ ಸಿಳ್ಳಿ ತಾನ ಬರ್ತದ. ಸಂಗನಬಸಪ್ಪ ಮಾಸ್ತರ ಮಗಳೇನ್ರಿ?’ ಎಂದರು.

ಆ ಪ್ರಶ್ನೆಗೆ ಸಿಟ್ಟಾಗದೆ ‘ಹೌದ್ರಿ’ ಎಂದದ್ದು ಇದೇ ಮೊದಲು.

ಮೊಣಕಾಲು ನೋವು ಕಡಿಮೆ, ಗುಳಿಗೆ ಸಾಕಷ್ಟಿವೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ನಾನು ಬಂದಾಗ ಹಿತ್ತಲಿಗೆ ಓಡಬೇಡ, ಒಮ್ಮೆ ನಕ್ಕು ತೋರಿಸು.

ನಿನ್ನ ಅಕ್ಕ,
ನೀಲಗಂಗಾ