ನಿನ್ನ ಪಾಲಿನ ಖಂಡ

ಹಲಗೇರಿ
14-3-2007

ಮಗಳು ಶಿಲ್ಪಾಗೆ ನಿನ್ನವ್ವನ ಆಶೀರ್ವಾದ.

ಕೈಬರಹ ನೋಡಿ ಕಾಗದ ಹರಿದು ಒಲೆಗೆ ಹಾಕಬೇಡ. ನನಗೆ ಅಕ್ಷರ ಬಾರದೆಂದು ನಿನಗೆ ಗೊತ್ತು. ಪಕ್ಕದ ಮನೆಯ ಜಾಹೀದಾಳನ್ನು ಕೂರಿಸಿಕೊಂಡು ಹೇಳಿ ಬರೆಸುತ್ತಿದ್ದೇನೆ. ಬೇರೆ ಯಾರಿಂದಲಾದರೂ ಬರೆಸಬಹುದಿತ್ತು, ಆದರೆ ಇದನ್ನು ಅವಳೂ ಕೇಳಬೇಕು.

ಅವಳ ತಾಯಿ ಹುಸೇನಬಿ ತೀರಿಕೊಂಡು ಎಂಟು ದಿನವಾಯಿತು. ಬ್ಯಾಡಗಿಯೇನು ದೂರವೇ? ನೀನು ಮಣ್ಣಿಗೆ ಬರಲಿಲ್ಲ. "ನಮ್ಮಪ್ಪನ್ನ ಹಿಡಿಸಿಕೊಟ್ಟಾಕಿ ಮಣ್ಣಿಗೆ ನಾ ಯಾಕ ಬರ್ಲಿ?" ಎಂದು ಹೇಳಿ ಕಳಿಸಿದೆಯಂತೆ. ಅದನ್ನು ಕೇಳಿದ ಮೇಲೆಯೇ ಈ ಕಾಗದ ಬರೆಸಲು ಕೂತೆ.

ನಿನ್ನ ಮದುವೆಯಾದ ವರ್ಷದ ಆಷಾಢ ನೆನಪಿದೆಯಲ್ಲ? ಜಡಿಮಳೆ, ಕೂಲಿ ಇರಲಿಲ್ಲ. ನಿಮ್ಮಪ್ಪ ಗೋವಿನಜೋಳದ ಹೊಲದಲ್ಲಿ ಉರುಲು ಹಾಕಿ ಒಂದು ಚಿಗರಿ ಜಿಂಕೆ ಹಿಡಿದರು. ಗೋಡೆಯಾಚೆಯವರೂ ಉಣ್ಣಲಿ ಎಂದು ಹುಸೇನಬಿಯ ಗಂಡನಿಂದಲೇ ಅದನ್ನು ಹಲಾಲ್ ಮಾಡಿಸಿದರು. ಎರಡೂ ಮನೆಯವರು ಹೊಟ್ಟೆ ತುಂಬ ಉಂಡೆವು. ಅವತ್ತಿನ ಖುಷಿ ಸುಳ್ಳೆಂದು ಹೇಳಲಾರೆ. ನಿಮ್ಮಪ್ಪ ಒಂದೇ ಮಾತು ಹೇಳಿದ್ದರು: "ಇವತ್ತ ತಿಂದು ಮುಗಸ್ರಿ, ಎಲುವು ಸುದ್ದಾ ಉಳೀಬಾರ್ದು."

ನಾನು ಉಳಿಸಿದೆ. ಹೊಸ ಮದುಮಗಳು ನೀನು, ಭಾನುವಾರ ಆಷಾಢಕ್ಕೆಂದು ತವರಿಗೆ ಬರುವವಳಿದ್ದೆ. ನಿನ್ನ ಪಾಲೆಂದು ನಾಲ್ಕು ಖಂಡಕ್ಕೆ ಉಪ್ಪು, ಅರಿಸಿನ ಸವರಿ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದೆ. ಹೊಲದಲ್ಲಿ ಉರುಲು ಕಂಡ ಫಾರೆಸ್ಟಿನವರು ಶನಿವಾರ ಮನೆಮನೆ ಶೋಧಿಸಿದರು. ಹುಸೇನಬಿಯ ಮನೆಯಲ್ಲಿ ಏನೂ ಸಿಗಲಿಲ್ಲ, ನಮ್ಮಲ್ಲಿ ಖಂಡ ಸಿಕ್ಕಿತು. ನಿಮ್ಮಪ್ಪ ಹುಸೇನಬಿಯ ಮನೆಯವರ ಹೆಸರು ಹೇಳಲೇ ಇಲ್ಲ.

ಯಾರೂ ಚಾಡಿ ಹೇಳಿರಲಿಲ್ಲ ಮಗಳೇ. ನಿಮ್ಮಪ್ಪನನ್ನು ಹತ್ತಿಸಿಕೊಂಡು ಜೀಪು ಹೊರಟಾಗ ಓಣಿಯವರು "ಅವರಿಗೆ ಹೆಂಗ ಗೊತ್ತಾತು?" ಎಂದು ಕೇಳಿದರು. ನಾನು ಹೆದರಿ ಹುಸೇನಬಿಯ ಕಡೆ ಬೆರಳು ತೋರಿಸಿಬಿಟ್ಟೆ. ನಿಮ್ಮಪ್ಪ ಜೈಲಿನಲ್ಲೇ ಜ್ವರ ಬಂದು ತೀರಿಹೋದ ಮೇಲಂತೂ ತಪ್ಪು ನನ್ನದೆನ್ನುವ ಧೈರ್ಯ ಬರಲೇ ಇಲ್ಲ.

ನಿನಗೆಂದು ಇಟ್ಟವಳು ನಾನು, ನಿನ್ನದೇನೂ ತಪ್ಪಿಲ್ಲ. ಬಂದು ಅವಳ ಗೋರಿಗೆ ಒಂದು ಹಿಡಿ ಹೂವು ಹಾಕು. ಜಾಹೀದಾಳ ಕೈ ಹಿಡಿದುಕೋ. ನನ್ನನ್ನು ಮಾತಾಡಿಸದಿದ್ದರೂ ಸರಿ.

ಇತಿ, ನಿನ್ನ ಪಾಪಿ ತಾಯಿ
ಉಚ್ಚಂಗೆವ್ವ (ಹೆಬ್ಬೆರಳ ಗುರುತು)

ತಾ.ಕ.: ಶಿಲ್ಪಾ, ಇದು ಜಾಹೀದಾಳ ಮಾತು. ನಿಮ್ಮವ್ವನಿಗೆ ಇದನ್ನು ಓದಿ ಹೇಳುವುದಿಲ್ಲ. ಹಗ್ಗದ ಮೇಲಿದ್ದ ಖಂಡವನ್ನು ನಮ್ಮಮ್ಮ ಫಾರೆಸ್ಟಿನವರು ಬರುವ ಮೊದಲೇ ನೋಡಿದ್ದಳು. ಊರವರು ಅವಳನ್ನು ಆಡಿಕೊಂಡಾಗ ನಾನು ಜಗಳಕ್ಕೆ ಹೊರಟೆ. ಅಮ್ಮ ಬಾಗಿಲಿಗೆ ಅಡ್ಡ ನಿಂತು ಹೇಳಿದಳು: "ಸುಮ್ನಿರು. ಮಗಳಿಗಂತ ಇಟ್ಟಿದ್ಲು. ನಿನಗಂತ ನಾನೂ ಇಡ್ತಿದ್ದೆ." ನನಗೆ ಅವಳಷ್ಟು ದೊಡ್ಡ ಮನಸ್ಸಿಲ್ಲ, ಇನ್ನೂ ಸಿಟ್ಟಿದೆ. ಆದರೂ ನೀನು ಬಾ.