ನಾನು ಕೇಳದ ಯುದ್ಧ

ಅಜ್ಜಾ,

ಇತಿಹಾಸದ ಕ್ಲಾಸಿನಲ್ಲಿ ನಮಗೊಂದು ಥಿಯರಿ ಪಾಠಕ್ಕಿದೆ. ಎಂಬತ್ತು ವರ್ಷಕ್ಕೊಮ್ಮೆ ದೇಶಕ್ಕೆ ದೊಡ್ಡ ಗಂಡಾಂತರ ಬರುತ್ತದಂತೆ, ಹಿಂದಿನದನ್ನು ಕಂಡವರೆಲ್ಲ ಅಷ್ಟರಲ್ಲಿ ಸತ್ತಿರುತ್ತಾರಂತೆ. ಅದಕ್ಕೇ ನಮ್ಮ ಮೇಡಂ, ಮನೆಯ ಹಿರಿಯರು ಕಂಡದ್ದನ್ನು ಈಗಲೇ ಕೇಳಿ ಬರೆದುಕೊಂಡು ಬನ್ನಿ ಎಂದಿದ್ದರು.

ಇವತ್ತು ಕ್ಲಾಸಿನಲ್ಲಿ, ಎಪ್ಪತ್ತೊಂದರ ಯುದ್ಧದಲ್ಲಿ ನೀನು ಸೇನೆಯ ದೇಹೂ ರೋಡ್ ಡಿಪೋದಲ್ಲಿ ಮದ್ದುಗುಂಡಿನ ಪೆಟ್ಟಿಗೆ ಹೊತ್ತ ಕತೆ ಓದಿದೆ. ಹಾಸ್ಟೆಲಿನಿಂದ ರಜೆಗೆ ಬಂದಾಗಲೆಲ್ಲ ನೀನು, "ಕೂಸ, ಆ ಡಿಸೆಂಬರದಾಗ ಏನಾತು ಗೊತ್ತದ ಏನ್?" ಎಂದು ಶುರುಮಾಡುತ್ತಿದ್ದೆ. "ಆಮೇಲೆ ಅಜ್ಜಾ, ಪ್ಲೀಸ್" ಎಂದು ನಾನು ಫೋನಿಗೆ ಬಗ್ಗುತ್ತಿದ್ದೆ. ಹಾಗಾಗಿ ಇವತ್ತು ಓದಿದ್ದರಲ್ಲಿ ಮುಂದಿನದನ್ನೆಲ್ಲ ನಾನೇ ಕಟ್ಟಿದ್ದು. ಚಪ್ಪಾಳೆ ಬಿತ್ತು.

"ಬ್ಯೂಟಿಫುಲ್! ಅವರನ್ನೊಮ್ಮೆ ಕರೆದುಕೊಂಡು ಬಾ" ಎಂದರು ಮೇಡಂ.

ಜೂನಿನಲ್ಲಿ ತೀರಿಕೊಂಡ ನಿನ್ನನ್ನು ಹೋದ ಭಾನುವಾರ ಮಾತಾಡಿಸಿದೆ ಎಂದು ಆ ಕತೆಯಲ್ಲಿ ಬರೆದಿದ್ದೆನಲ್ಲ.

"ಅಜ್ಜನಿಗೆ ಈಗ ಕಿವಿ ಕೇಳಿಸಲ್ಲ, ಮೇಡಂ" ಎಂದುಬಿಟ್ಟೆ.